ಶುಕ್ರವಾರದ ಊಟಕ್ಕೆ ಹೋದರೆ ಅಲ್ಲಿ ಪಾಠ ನಡೀತಿತ್ತು! ಹಿಲೆಲ್, ಹವ್ರೂತಾ ಬಗ್ಗೆ ಗೊತ್ತಿರುವವರು ಹೇಳಿ

ಬೆಟ್ಟದಪಾದ_ಹುಡುಗಿ · ಶನಿವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು. ಅಮೆರಿಕದ ಮಿಡ್‌ವೆಸ್ಟ್‌ನಲ್ಲಿ ಎಂಎಸ್ ಮಾಡುತ್ತಿದ್ದೇನೆ, ಎರಡನೇ ಸೆಮಿಸ್ಟರ್. ವಿಷಯ ಆಪರೇಷನ್ಸ್ ರಿಸರ್ಚ್, ಅಂದರೆ ಲೆಕ್ಕ ಹಾಕಿ ಒಳ್ಳೆಯ ನಿರ್ಧಾರ ಹುಡುಕುವ ಶಾಸ್ತ್ರ.

ನನ್ನ ರೂಮ್‌ಮೇಟ್ ಯಹೂದಿ. ದೇವರು ದಿಂಡರು ಅಂತ ಅಷ್ಟೇನೂ ತಲೆ ಕೆಡಿಸಿಕೊಂಡವಳಲ್ಲ. ನಿನ್ನೆ ಸಂಜೆ "ಬಾ, ಬಿಟ್ಟಿ ಊಟ" ಎಂದು ಕ್ಯಾಂಪಸ್‌ನ ಹಿಲೆಲ್ ಎಂಬ ಕಟ್ಟಡಕ್ಕೆ ಕರೆದುಕೊಂಡು ಹೋದಳು. ಬಿಟ್ಟಿ ಊಟ ಅಂದರೆ ನಾನು ಎಲ್ಲಿಗೆ ಬೇಕಾದರೂ ಹೋಗುತ್ತೇನೆ, ನಿಮಗೆ ಗೊತ್ತಲ್ಲ. ದೀಪ ಹಚ್ಚಿದ್ದರು. ಬಟ್ಟೆ ಮುಚ್ಚಿದ ಎರಡು ದೊಡ್ಡ ಬ್ರೆಡ್ ಇತ್ತು, ಜಡೆ ಹೆಣೆದ ಹಾಗೆ. ದ್ರಾಕ್ಷಾರಸದ ಲೋಟ ಹಿಡಿದು ಹಾಡಿದರು. ಆಮೇಲೆ ಎಲ್ಲರೂ ಕೈ ತೊಳೆದು ಬಂದು ಒಮ್ಮೆಲೇ ಮಾತು ನಿಲ್ಲಿಸಿಬಿಟ್ಟರು. ನಾನೇನೋ ತಪ್ಪು ಮಾಡಿದೆ ಅಂದುಕೊಂಡೆ! ಬ್ರೆಡ್ ಮುರಿದು ಬಾಯಿಗೆ ಹಾಕಿಕೊಳ್ಳುವವರೆಗೆ ಮಾತಾಡಬಾರದಂತೆ.

ಇಲ್ಲಿವರೆಗೆ ಸರಿ. ಊಟ ಆದಮೇಲೆ ಒಂದು ಹಾಳೆ ಹಂಚಿದರು. ಇಬ್ಬಿಬ್ಬರು ಎದುರುಬದುರು ಕೂತು ಓದಿ, ಜಗಳ ಆಡಿ ಅಂದರು. ಇದಕ್ಕೆ ಹವ್ರೂತಾ ಅನ್ನುತ್ತಾರಂತೆ. ಹಾಳೆಯಲ್ಲಿ ಇದ್ದದ್ದು ಇಷ್ಟು: ಇಬ್ಬರು ಒಂದೇ ಬಟ್ಟೆ ಹಿಡಿದುಕೊಂಡು ಬಂದಿದ್ದಾರೆ. ಇವನು ಪೂರ್ತಿ ನನ್ನದು ಅಂತಾನೆ, ಅವನೂ ಪೂರ್ತಿ ನನ್ನದು ಅಂತಾನೆ. ಏನು ಮಾಡಬೇಕು? ನಲವತ್ತು ನಿಮಿಷ ಕಿತ್ತಾಡಿದೆವು. ಕೊನೆಗೆ ಯಾರೂ ಉತ್ತರ ಹೇಳಲೇ ಇಲ್ಲ, ಸಿಹಿ ಕೊಟ್ಟು ಕಳಿಸಿದರು.

ಈಗ ರೂಮ್‌ಮೇಟ್ ಹತ್ತು ವಾರದ ಒಂದು ಕ್ಲಾಸಿಗೆ ಸೇರುತ್ತಾಳಂತೆ. ಪರೀಕ್ಷೆ ಇಲ್ಲ, ಕ್ರೆಡಿಟ್ ಇಲ್ಲ, ಮುಗಿಸಿದರೆ ಅವರೇ ದುಡ್ಡು ಕೊಡುತ್ತಾರಂತೆ! ಏನಿದು? ನಾನೂ ಹೋಗಬಹುದಾ? ಮತಾಂತರ ಗಿತಾಂತರ ಏನಾದರೂ ಇದೆಯಾ? (ಅಮ್ಮ ಕೇಳಿದ ಪ್ರಶ್ನೆ, ನನ್ನದಲ್ಲ.) ಇನ್ನೊಂದು, ನಾನು ಸಸ್ಯಾಹಾರಿ.

ಅರ್ಬಾನಾವಾಸಿ · ಶನಿವಾರ ಮಧ್ಯಾಹ್ನ

ನಾನು ಇರುವುದು ಅರ್ಬಾನಾ-ಶಾಂಪೇನ್‌ನಲ್ಲಿ. ಹಿಲೆಲ್ ಎಂಬ ಯಹೂದಿ ವಿದ್ಯಾರ್ಥಿ ಕೇಂದ್ರ ಹುಟ್ಟಿದ್ದೇ ನಮ್ಮ ಯೂನಿವರ್ಸಿಟಿಯಲ್ಲಿ, 1923ರಲ್ಲಿ. ಹಾಗಾಗಿ ಸ್ವಲ್ಪ ಕೊಚ್ಚಿಕೊಳ್ಳಲು ಬಿಡಿ.

ಇದಾಗಬೇಕು ಎಂದು ಬೆನ್ನು ಬಿದ್ದವರಲ್ಲಿ ಒಬ್ಬರು ಯಹೂದಿಯೇ ಅಲ್ಲ. ಎಡ್ವರ್ಡ್ ಚಾನ್ಸಿ ಬಾಲ್ಡ್‌ವಿನ್ ಎಂಬ ಇಂಗ್ಲಿಷ್ ಪ್ರೊಫೆಸರ್, ಕ್ರೈಸ್ತರು. ತಮ್ಮ ಕ್ಲಾಸಿನ ಯಹೂದಿ ಹುಡುಗರಿಗೆ ತಮ್ಮದೇ ಧರ್ಮಗ್ರಂಥ ಗೊತ್ತಿಲ್ಲವಲ್ಲ ಎಂದು ಅವರಿಗೆ ಬೇಜಾರು. ಬೆಂಜಮಿನ್ ಫ್ರಾಂಕಲ್ ಎಂಬ ಹರೆಯದ ರಬ್ಬಿ (ಯಹೂದಿ ಧರ್ಮಗುರು) ಕೆಲಸ ಶುರು ಮಾಡಿದರು. ಮರುವರ್ಷ ಬ್ನೈ ಬ್ರಿತ್ ಎಂಬ ಯಹೂದಿ ಸಂಸ್ಥೆ ಖರ್ಚು ವಹಿಸಿಕೊಂಡಿತು. ಪಾಪ, ಫ್ರಾಂಕಲ್ 1927ರಲ್ಲೇ ತೀರಿಕೊಂಡರು, ಮೂವತ್ತು ವಯಸ್ಸಿಗೆ. ಇವತ್ತು ನೂರಾರು ಕ್ಯಾಂಪಸ್‌ಗಳಲ್ಲಿ ಹಿಲೆಲ್ ಇದೆ.

ಆ ಕಾಲವನ್ನೂ ನೆನಪಿಡಬೇಕು. 1922ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷ ಲೋವೆಲ್ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಬೇಕು ಎಂದು ಹೊರಟಿದ್ದರು. ಅದೇ ಹಾರ್ವರ್ಡ್‌ನಲ್ಲಿ ಹುಡುಗರು 1906ರಲ್ಲೇ ಮೆನೋರಾ ಸೊಸೈಟಿ ಕಟ್ಟಿಕೊಂಡು ತಮ್ಮ ಸಂಸ್ಕೃತಿಯನ್ನು ತಾವೇ ಓದಿಕೊಳ್ಳುತ್ತಿದ್ದರು. ಅಂದರೆ ಈ ಕ್ಲಾಸಿನಾಚೆಯ ಓದು ಬರೀ ಬಿಟ್ಟಿ ಊಟದ ಆಮಿಷದಿಂದ ಹುಟ್ಟಿದ್ದಲ್ಲ.

ಹಿಲೆಲ್ ಎಂಬುದು ಎರಡು ಸಾವಿರ ವರ್ಷದ ಹಿಂದಿನ ಒಬ್ಬ ಗುರುವಿನ ಹೆಸರು. ಒಬ್ಬ ಬಂದು "ನಾನು ಒಂಟಿ ಕಾಲಲ್ಲಿ ನಿಂತಿರುವಷ್ಟರಲ್ಲಿ ನಿಮ್ಮ ತೋರಾ (ಧರ್ಮಗ್ರಂಥ) ಪೂರ್ತಿ ಕಲಿಸಿ" ಅಂದನಂತೆ. ಶಮ್ಮೈ ಎಂಬ ಇನ್ನೊಬ್ಬ ಗುರು ಅಳತೆಕೋಲು ತೆಗೆದುಕೊಂಡು ಅವನನ್ನು ಅಟ್ಟಿದ್ದರು. ಹಿಲೆಲ್ ಮಾತ್ರ, ನಿನಗೆ ಇಷ್ಟವಾಗದ್ದನ್ನು ಇನ್ನೊಬ್ಬರಿಗೆ ಮಾಡಬೇಡ, ಅಷ್ಟೇ, ಉಳಿದದ್ದೆಲ್ಲ ಅದರ ವಿವರಣೆ, ಹೋಗಿ ಕಲಿ ಅಂದರಂತೆ. ನೀತಿ ಎಲ್ಲರಿಗೂ ನೆನಪಿರುತ್ತದೆ. ಕೊನೆಯ ಆ "ಹೋಗಿ ಕಲಿ" ಅನ್ನುವುದನ್ನು ಮರೆತುಬಿಡುತ್ತಾರೆ.

ಆ ಹತ್ತು ವಾರದ್ದು ಜ್ಯೂಯಿಷ್ ಲರ್ನಿಂಗ್ ಫೆಲೋಶಿಪ್ ಇರಬೇಕು. ವಾರಕ್ಕೊಂದು ಸಲ, ಹತ್ತಿಪ್ಪತ್ತು ಜನ, ಊಟ, ಹಾಳೆ, ಮಾತು. ಪ್ರೀತಿ, ಸಂಬಂಧ, ಸಾವು, ಬದುಕಿಗೆ ಅರ್ಥ ಏನು, ಇಂಥ ವಿಷಯಗಳು. ಕೊನೆಗೆ ಒಂದಿಷ್ಟು ಸ್ಟೈಪೆಂಡ್. ಯಹೂದಿ ಅಲ್ಲದವರನ್ನು ಸೇರಿಸುವುದು ಆಯಾ ಕ್ಯಾಂಪಸ್ಸಿಗೆ ಬಿಟ್ಟದ್ದು, ಕೇಳಿನೋಡಿ. ಆದರೆ ನೀವು ಎಫ್-1 ವಿದ್ಯಾರ್ಥಿ ವೀಸಾದಲ್ಲಿದ್ದೀರಿ ಅಲ್ವಾ? ಯಾರು ದುಡ್ಡು ಕೊಟ್ಟರೂ ಕೈ ಚಾಚುವ ಮುಂಚೆ ನಿಮ್ಮ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಒಂದು ಮಾತು ಕೇಳಿ.

ಹುಬ್ಬಳ್ಳಿ_ಮಂದಿ · ಶನಿವಾರ ಮಧ್ಯಾಹ್ನ

ದುಡ್ಡು ಕೊಟ್ಟು ಧರ್ಮ ಕಲಿಸ್ತಾರಾ? ಏನ್ರೀ ಇದು! ನಮ್ಮ ಮಠದಾಗ ನಾವೇ ದಕ್ಷಿಣೆ ಇಟ್ಟು ಬರ್ತೀವಿ.

ಅರ್ಬಾನಾವಾಸಿ · ಶನಿವಾರ ಸಂಜೆ

ನಗಬೇಡಿ ಸರ್, ಅದಕ್ಕೆ ಹಿನ್ನೆಲೆ ಇದೆ. 1990ರಲ್ಲಿ ಅಮೆರಿಕದ ಯಹೂದಿಗಳ ದೊಡ್ಡ ಸಮೀಕ್ಷೆ ಆಯಿತು. ಈಚಿನ ಮದುವೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ, 52%, ಸಮುದಾಯದ ಹೊರಗೆ ಆಗುತ್ತಿವೆ ಎಂದು ಬಂತು. ಲೆಕ್ಕ ಜಾಸ್ತಿ ತೋರಿಸಿದ್ದಾರೆ ಎಂದು ಆಮೇಲೆ ತಕರಾರಾಗಿ ಅಂಕಿಯನ್ನು ಇಳಿಸಿದರು. ಆದರೆ ಅಷ್ಟರಲ್ಲಿ ಗಾಬರಿ ಹುಟ್ಟಿ ಆಗಿತ್ತು. ಶ್ರೀಮಂತ ದಾನಿಗಳು ಕಾಲೇಜು ಹುಡುಗರ ಕಡೆ ತಿರುಗಿದರು. 1999ರಲ್ಲಿ ಶುರುವಾದ ಬರ್ತ್‌ರೈಟ್ ಅದರದ್ದೇ ಫಲ. ಯಹೂದಿ ಯುವಕರಿಗೆ ಇಸ್ರೇಲಿಗೆ ಹತ್ತು ದಿನದ ಪುಕ್ಕಟೆ ಪ್ರವಾಸ. ಅದಕ್ಕೆ ಹೋಲಿಸಿದರೆ ಹಾಳೆ ಓದಲು ಕೊಡುವ ಸ್ಟೈಪೆಂಡ್ ಕಡಲೆಪುರಿ.

ಅಲ್ಲದೆ ಇಲ್ಲಿನ ಹುಡುಗರು ವಾರಕ್ಕೆ ಹತ್ತು ಹದಿನೈದು ಗಂಟೆ ಕೆಫೆಯಲ್ಲೋ ಲೈಬ್ರರಿಯಲ್ಲೋ ದುಡಿಯುತ್ತಾರೆ. ಆ ಒಂದು ಸಂಜೆಯ ಸಂಬಳ ತುಂಬಿಕೊಟ್ಟ ಹಾಗೆ ಅಂತ ಇಟ್ಟುಕೊಳ್ಳಿ.

ಎಡಿಸನ್_ದೊಡ್ಡಮ್ಮ · ಶನಿವಾರ ರಾತ್ರಿ

ಪುಟ್ಟಿ, ಮತಾಂತರದ ಭಯ ಅಮ್ಮನಿಗೆ ಬೇಡ ಅಂತ ಹೇಳು. ಅವರಲ್ಲಿ ಸೇರಿಸಿಕೊಳ್ಳಿ ಅಂತ ಯಾರಾದರೂ ಬಂದರೆ ಮೂರು ಸಲ ವಾಪಸ್ ಕಳಿಸಬೇಕು ಅಂತ ಸಂಪ್ರದಾಯವಿದೆ. ನಾವು ನ್ಯೂಜೆರ್ಸಿಯಲ್ಲಿ ಇಪ್ಪತ್ತಾರು ವರ್ಷದಿಂದ ಯಹೂದಿ ಮನೆಗಳ ನಡುವೆ ಇದ್ದೇವೆ. ಒಬ್ಬರೂ ನಮ್ಮ ದೇವರ ತಂಟೆಗೆ ಬಂದಿಲ್ಲ. ಊಟಕ್ಕೆ ಮಾತ್ರ ಬಲವಂತ ಮಾಡುತ್ತಾರೆ, ಥೇಟ್ ನಮ್ಮ ಹಾಗೆ.

ನನ್ನ ಮಗಳು ಕಾಲೇಜಲ್ಲಿದ್ದಾಗ ಹಿಲೆಲ್‌ಗಿಂತ ಹಬಾದ್ ಎಂಬ ಸಂಪ್ರದಾಯಸ್ಥ ಯಹೂದಿ ಪಂಥದ ಮನೆಗೆ ಜಾಸ್ತಿ ಹೋಗುತ್ತಿದ್ದಳು. ಹಿಲೆಲ್ ಅಂದರೆ ವಿದ್ಯಾರ್ಥಿ ಸಂಘದ ಹಾಗೆ. ಅಲ್ಲಿ ಎಲ್ಲ ಬಗೆಯ ಯಹೂದಿಗಳೂ ಇರುತ್ತಾರೆ, ನಂಬದವರೂ ಇರುತ್ತಾರೆ. ಹಬಾದ್ ಹಾಗಲ್ಲ, ಅದು ಒಂದು ಸಂಸಾರ. ಗಡ್ಡದ ರಬ್ಬಿ, ಅವರ ಹೆಂಡತಿ, ಆರೇಳು ಮಕ್ಕಳು. ಕ್ಯಾಂಪಸ್ ಪಕ್ಕದಲ್ಲೇ ಮನೆ ಮಾಡಿ ಅಲ್ಲೇ ಬದುಕುತ್ತಾರೆ. ಅವರ ಕೇಂದ್ರ ಬ್ರೂಕ್ಲಿನ್‌ನಲ್ಲಿದೆ. ಕ್ಯಾಂಪಸ್ಸಿನ ಮೊದಲ ಮನೆ 1969ರಲ್ಲಿ ಲಾಸ್ ಏಂಜಲೀಸಿನ ಯುಸಿಎಲ್‌ಎ ಹತ್ತಿರ ಶುರುವಾಯಿತು. ಆಚರಣೆ ಕಟ್ಟುನಿಟ್ಟು, ಬಂದವರ ಮೇಲೆ ಮಾತ್ರ ಯಾವ ಕಟ್ಟುನಿಟ್ಟೂ ಇಲ್ಲ. ಆ ರಬ್ಬಿಯ ಹೆಂಡತಿ ವಾರ ವಾರ ಅಷ್ಟು ಹುಡುಗರಿಗೆ ಅಡುಗೆ ಮಾಡಿ, ಮಂಗಳವಾರ ಹಿಟ್ಟು ನಾದುವಾಗಲೇ ಹುಡುಗಿಯರಿಗೆ ಪಾಠವನ್ನೂ ಹೇಳುತ್ತಿದ್ದಳು! ನನ್ನ ಅತ್ತೆ ಸಂಡಿಗೆ ಹಿಟ್ಟು ಕಲಸುತ್ತಾ ರಾಮಾಯಣ ಹೇಳುತ್ತಿದ್ದುದು ನೆನಪಾಗುತ್ತಿತ್ತು.

ನಾನು ಮಾಡಿದ ಎಡವಟ್ಟು ಕೇಳು. ಮೊದಲ ಸಲ ಕರೆದಾಗ ಬರಿಗೈಲಿ ಹೋಗಬಾರದು ಅಂತ ಮನೆಯಲ್ಲಿ ಕರಿದ ಕೋಡುಬಳೆ ಡಬ್ಬಿ ತುಂಬಾ ಒಯ್ದೆ. ಆಕೆ ನಗುತ್ತಾ ಇಸಕೊಂಡು ಎತ್ತಿಟ್ಟಳು, ಬಡಿಸಲೇ ಇಲ್ಲ. ನನಗೆ ಒಳಗೊಳಗೇ ಕೋಪ. ಆಮೇಲೆ ಗೊತ್ತಾಯಿತು, ಕೋಷರ್ (ಅವರ ಆಹಾರ ನಿಯಮಕ್ಕೆ ಸರಿಯಾದದ್ದು) ಅಲ್ಲದ ಅಡುಗೆಮನೆಯಲ್ಲಿ ಬೇಯಿಸಿದ್ದು ಆ ಮೇಜಿನ ಮೇಲೆ ಬರುವ ಹಾಗಿಲ್ಲ. ನಮ್ಮಲ್ಲಿ ಮಡಿ ಇಲ್ಲವಾ, ಹಾಗೇ ಅಂದುಕೋ. ಕೋಷರ್ ಗುರುತು ಇರುವ, ಬಿಚ್ಚದ ಪೊಟ್ಟಣ ಒಯ್ಯಿ. ಇಲ್ಲ ಹೂವು ಒಯ್ಯಿ, ಅದನ್ನೂ ಸೂರ್ಯ ಮುಳುಗುವ ಮುಂಚೆ ಕೊಡು, ಆಮೇಲೆ ಅವರ ಶನಿವಾರದ ವಿಶ್ರಾಂತಿ ದಿನ ಶುರು. ಫೋನ್ ಚೀಲದಲ್ಲೇ ಇರಲಿ, ಫೋಟೋ ತೆಗೆಯಬೇಡ.

ಸಸ್ಯಾಹಾರಕ್ಕೆ ಬಂದರೆ, ಮಾಂಸದ ಊಟದ ದಿನ ಹಾಲು ಬೆಣ್ಣೆ ಏನೂ ಇರುವುದಿಲ್ಲ, ಎರಡನ್ನೂ ಸೇರಿಸುವುದಿಲ್ಲ. ಡಬ್ಬಿ ಮೇಲೆ "ಪಾರೆವೆ" ಅಂತ ಇದ್ದರೆ ಹಾಲೂ ಇಲ್ಲ ಮಾಂಸವೂ ಇಲ್ಲ ಅಂತ. ಆದರೆ ಮೋಸ ಹೋಗಬೇಡ, ಮೊಟ್ಟೆ, ಮೀನು ಇರಬಹುದು. ಆ ಜಡೆ ಬ್ರೆಡ್ಡಿಗೂ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ.

ಬೆಟ್ಟದಪಾದ_ಹುಡುಗಿ · ಶನಿವಾರ ರಾತ್ರಿ

ಅಯ್ಯೋ ದೊಡ್ಡಮ್ಮ, ಬ್ರೆಡ್ ಮೂರು ಚೂರು ತಿಂದೆ. ಅಮ್ಮನಿಗೆ ಹೇಳಬೇಡಿ.

ಕಡಲತಡಿ · ಭಾನುವಾರ ಬೆಳಿಗ್ಗೆ

ಮಾರಾಯ್ರೆ, ಊಟದ ಮಾತೇ ಜಾಸ್ತಿ ಆಯಿತು. ಆ ಬಟ್ಟೆಯ ಜಗಳಕ್ಕೆ ಬರೋಣ. ನಾನು ಉಡುಪಿ ಕಡೆಯವನು, ಈಗ ಬಾಸ್ಟನ್‌ನಲ್ಲಿ ಪೋಸ್ಟ್‌ಡಾಕ್. ಲ್ಯಾಬಿನ ಗೆಳೆಯನ ಜೊತೆ ಒಂದೂವರೆ ವರ್ಷದಿಂದ ಬುಧವಾರ ರಾತ್ರಿ ತಾಲ್ಮುದ್ ಓದುತ್ತಿದ್ದೇನೆ, ಇಂಗ್ಲಿಷ್ ಅನುವಾದದಲ್ಲಿ. ಯಹೂದಿಗಳ ಧರ್ಮನಿಯಮ, ಚರ್ಚೆ, ಕಥೆಗಳ ದೊಡ್ಡ ಗ್ರಂಥ ಅದು. ನಾನು ಯಹೂದಿಯಲ್ಲ, ಆಗುವ ಯೋಚನೆಯೂ ಇಲ್ಲ. ಮಾತಿನ ರುಚಿ ಹತ್ತಿದೆ ಅಷ್ಟೆ.

ತಾಲ್ಮುದಿನ ಒಂದು ಪುಟವನ್ನು ಒಮ್ಮೆ ನೋಡಿ. ಮಧ್ಯದಲ್ಲಿ ಮೂಲ, ಮೊದಲು ಮಿಷ್ನಾ ಎಂಬ ಚಿಕ್ಕ ನಿಯಮ, ಅದರ ಹಿಂದೆ ಗೆಮಾರಾ ಎಂಬ ಚರ್ಚೆ. ಒಂದು ಬದಿಗೆ ರಾಶಿ ಎಂಬ ಹನ್ನೊಂದನೇ ಶತಮಾನದ ಫ್ರಾನ್ಸಿನ ವಿದ್ವಾಂಸನ ಟಿಪ್ಪಣಿ. ಇನ್ನೊಂದು ಬದಿಗೆ ತೋಸಾಫೋತ್, ಅಂದರೆ ಅವನ ನಂತರದವರ ಟಿಪ್ಪಣಿ. ಇದರಲ್ಲಿ ರಾಶಿಯ ಮೊಮ್ಮಕ್ಕಳೂ ಇದ್ದಾರೆ, ಅಜ್ಜ ಹೇಳಿದ್ದು ಸರಿಯಿಲ್ಲ ಎಂದು ಅದೇ ಪುಟದಲ್ಲಿ ವಾದ ಮಾಡುತ್ತಾರೆ! ನೂರಾರು ವರ್ಷ ಅಂತರದವರೆಲ್ಲ ಒಂದೇ ಜಗಲಿಯಲ್ಲಿ ಕೂತ ಹಾಗೆ.

ಇದನ್ನು ಸಾಮಾನ್ಯವಾಗಿ ಒಬ್ಬರೇ ಓದುವುದಿಲ್ಲ. ಇಬ್ಬರು ಬೇಕು. ಆ ಜೋಡಿಗೇ ಹವ್ರೂತಾ ಅನ್ನುವುದು, ಗೆಳೆತನ ಎಂಬ ಅರ್ಥದ ಅರಾಮಿಕ್ ಮಾತು. ಒಬ್ಬ ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ತಡೆಯುತ್ತಾನೆ. ತಡೆಯದಿದ್ದರೆ ಅವನು ಒಳ್ಳೆಯ ಜೊತೆಗಾರನೇ ಅಲ್ಲ. ನನಗೆ ಮೊದಲ ದಿನವೇ ಅನಿಸಿದ್ದು, ಅರೆ, ಇದು ನಮ್ಮ ತಾಳಮದ್ದಳೆ! ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳಿದರೆ ಅರ್ಥಧಾರಿಗಳು ಕೂತಲ್ಲೇ ಅದನ್ನು ಬಿಡಿಸಬೇಕು. ವಾಲಿ ಬಿದ್ದುಕೊಂಡೇ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ. ರಾಮ ಉತ್ತರ ಕೊಡಬೇಕು. ಕೊಡಲಾಗದಿದ್ದರೆ ಪದ್ಯದಲ್ಲಿ ಗೆದ್ದ ರಾಮ ಅವತ್ತಿನ ಕೂಟದಲ್ಲಿ ಸೋತ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಎದುರಿಗೆ ಕೂತರೆ ಉಳಿದವರ ಕಥೆ ಏನಾಗುತ್ತಿತ್ತು ಎಂದು ನಮ್ಮ ಅಜ್ಜ ಹೇಳುತ್ತಿದ್ದರು.

ತಾಲ್ಮುದಿನಲ್ಲಿ ಇಂಥದೇ ಒಂದು ಜೋಡಿ ಇದೆ. ರಬ್ಬಿ ಯೋಹಾನಾನ್ ಮತ್ತು ರೇಷ್ ಲಾಕಿಷ್. ಈ ರೇಷ್ ಲಾಕಿಷ್ ಮೊದಲು ದರೋಡೆಕೋರ. ಯೋಹಾನಾನ್ ಅವನನ್ನು ಓದಿಗೆ ಎಳೆದು, ತಂಗಿಯನ್ನೂ ಕೊಟ್ಟು ಮದುವೆ ಮಾಡಿದರು. ವರ್ಷಗಟ್ಟಲೆ ಜೋಡಿ ಓದು. ಒಂದು ದಿನ ಕತ್ತಿ, ಚೂರಿ ವಿಷಯದಲ್ಲಿ ವಾದ ಬಂತು. ಯೋಹಾನಾನ್ "ಕಳ್ಳನಿಗೆ ಕಳ್ಳತನದ ಸಾಮಾನು ಗೊತ್ತಿರಬೇಕಲ್ಲ" ಎಂದು ಹಳೆಯದನ್ನು ಎತ್ತಿ ಚುಚ್ಚಿದರು. ಮಾತು ಮುರಿಯಿತು. ರೇಷ್ ಲಾಕಿಷ್ ಕಾಯಿಲೆ ಬಿದ್ದು ಸತ್ತ. ಯೋಹಾನಾನ್‌ಗೆ ದುಃಖ ತಡೆಯಲಾಗಲಿಲ್ಲ. ಸಮಾಧಾನ ಮಾಡಲಿ ಎಂದು ಇನ್ನೊಬ್ಬ ಪಂಡಿತನನ್ನು ಕಳಿಸಿದರು. ಅವನು ಪ್ರತಿ ಮಾತಿಗೂ "ನೀವು ಹೇಳಿದ್ದಕ್ಕೆ ಆಧಾರ ಇದೆ" ಎನ್ನುತ್ತಿದ್ದ. ಯೋಹಾನಾನ್ ಸಿಡಿದರು. ನಾನು ಹೇಳಿದ್ದು ಸರಿ ಅಂತ ನನಗೇ ಗೊತ್ತು, ಅವನಾಗಿದ್ದರೆ 24 ಆಕ್ಷೇಪ ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ, ಹಾಗೆ ಮಾತು ಬೆಳೆಯುತ್ತಿತ್ತು ಎಂದು ಬಟ್ಟೆ ಹರಿದುಕೊಂಡು ಅತ್ತರಂತೆ.

ಈ ಕಥೆ ಓದಿದ ಬುಧವಾರ ನಾನು, ನನ್ನ ಗೆಳೆಯ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆವು.

ಒಂದು ತಕರಾರೂ ಇದೆ. ಕ್ಯಾಂಪಸ್ ಕ್ಲಾಸುಗಳಲ್ಲಿ ಹುಡುಗರಿಗೆ ಹಿಡಿಸುವ ಕಡೆ ಕಥೆಯನ್ನು ಕತ್ತರಿಸುವ ಚಾಳಿ. ಒಲೆಯ ಕಥೆ ಅಂತ ಒಂದಿದೆ. ಒಬ್ಬ ರಬ್ಬಿಯ ವಾದಕ್ಕೆ ಆಕಾಶವಾಣಿಯೇ ಸಾಕ್ಷಿ ಹೇಳುತ್ತದೆ. ಉಳಿದವರು "ತೋರಾ ಈಗ ಆಕಾಶದಲ್ಲಿಲ್ಲ, ನಮ್ಮ ಕೈಗೆ ಬಂದಿದೆ, ಬಹುಮತ ನಮ್ಮದು" ಅನ್ನುತ್ತಾರೆ. ದೇವರು ನಕ್ಕು, ಮಕ್ಕಳು ನನ್ನನ್ನೇ ಸೋಲಿಸಿದರು ಅನ್ನುತ್ತಾನೆ. ನಾನು ಹೋದ ಎರಡು ಕಡೆಯೂ ಇಲ್ಲಿಗೇ ಚಪ್ಪಾಳೆ. ಮುಂದೆ ಓದಿದರೆ ಸೋತ ಆ ರಬ್ಬಿಗೆ ಬಹಿಷ್ಕಾರ ಹಾಕುತ್ತಾರೆ, ಅವನ ಕಣ್ಣೀರಿಗೆ ಬೆಳೆ ಹಾಳಾಗುತ್ತದೆ. ಆ ಭಾಗ ಇಲ್ಲದೆ ಕಥೆ ಅರ್ಧ.

ಓದಲು ಪುಸ್ತಕ ಕೊಳ್ಳಬೇಕಿಲ್ಲ. ಸೆಫಾರಿಯಾ ಎಂಬ ಜಾಲತಾಣದಲ್ಲಿ ಎಲ್ಲವೂ ಪುಕ್ಕಟೆ, ಅನುವಾದದ ಜೊತೆ. ಬಟ್ಟೆಯ ಜಗಳ ಬಾವಾ ಮೆತ್ಸಿಯಾ ಎಂಬ ಭಾಗದ ಮೊದಲನೇ ಪುಟ.

ಹುಬ್ಬಳ್ಳಿ_ಮಂದಿ · ಭಾನುವಾರ ಮಧ್ಯಾಹ್ನ

ಕಡಲತಡಿ ಅವರೇ, ಛಲೋ ಬರದೀರಿ. ಆದರೆ ತಾಳಮದ್ದಳೆಗೆ ಕಲಾವಿದರು ಬೇಕು, ನಾವು ಕೇಳೋರು. ಇವರಲ್ಲಿ ಹದಿನೆಂಟರ ಹುಡುಗಿನೂ ಜಗಳಕ್ಕ ಕೂಡ್ತಾಳ. ಫರಕ್ ಅದ.

ಕಡಲತಡಿ · ಭಾನುವಾರ ಮಧ್ಯಾಹ್ನ

ಒಪ್ಪಿದೆ. ಆದರೆ ಹುಡುಗಿಯರಿಗೆ ತಾಲ್ಮುದ್ ಸುಲಭವಾಗಿ ಸಿಕ್ಕಿದ್ದಲ್ಲ. ಸಾಂಪ್ರದಾಯಿಕ ಯೆಷಿವಾಗಳು, ಅಂದರೆ ತಾಲ್ಮುದ್ ಓದಿಸುವ ಪಾಠಶಾಲೆಗಳು, ಗಂಡಸರಿಗೆ ಮಾತ್ರ ಇದ್ದವು, ಎಷ್ಟೋ ಕಡೆ ಇವತ್ತಿಗೂ ಹಾಗೇ. ನ್ಯೂಯಾರ್ಕಿನಲ್ಲಿ ಹೆಂಗಸರಿಗಾಗಿ ದ್ರಿಷಾ ಎಂಬ ಸಂಸ್ಥೆ ಶುರುವಾದದ್ದು 1979ರಲ್ಲಿ. ಗಂಡು ಹೆಣ್ಣು ಒಟ್ಟಿಗೆ ಕೂತು ಓದುವ ಪಾರ್ದೆಸ್ ಜೆರುಸಲೇಮಿನಲ್ಲಿ 1972ರಿಂದ ಇದೆ, ನ್ಯೂಯಾರ್ಕಿನ ಹದಾರ್ 2006ರಿಂದ. ಕಾಲೇಜು ಹುಡುಗರು ಬೇಸಿಗೆ ರಜೆಯಲ್ಲಿ ಇಂಥ ಕಡೆ ಹೋಗಿ ವಾರಗಟ್ಟಲೆ ಓದಿಕೊಂಡು ಬರುತ್ತಾರೆ.

ಶನಿವಾರ_ತೇಲಿ · ಭಾನುವಾರ ರಾತ್ರಿ

ಈ ಚರ್ಚೆ ನೋಡಿ ಸುಮ್ಮನಿರಲಾಗಲಿಲ್ಲ. ನಾನು ಯಹೂದಿ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವಳು, ಕನ್ನಡ ಮೀಡಿಯಂ ಅಲ್ಲದಿದ್ದರೂ ಕನ್ನಡ ಬೀದಿ. ಅಪ್ಪನ ಕಡೆಯವರು ಕೊಂಕಣದ ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯದವರು. ನನ್ನ ಹೆಸರಿನ ಅರ್ಥ ಕೇಳುವ ಮುಂಚೆ ಹೇಳಿಬಿಡುತ್ತೇನೆ. ನಮ್ಮ ಹಿರಿಯರು ಗಾಣದ ಎಣ್ಣೆ ತೆಗೆಯುವವರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಅದಕ್ಕೇ ಊರವರು ಶನಿವಾರ ತೇಲಿ ಎಂದು ಕರೆದರು.

ಮಾಸ್ಟರ್ಸ್‌ಗೆ ಅಮೆರಿಕಕ್ಕೆ ಬಂದಾಗ ಮೊದಲ ಶುಕ್ರವಾರ ಕ್ಯಾಂಪಸ್ಸಿನ ಊಟಕ್ಕೆ ಹೋದೆ, ಯಾವ ಕ್ಯಾಂಪಸ್ ಅಂತ ಬೇಡ. ಬಾಗಿಲಲ್ಲಿದ್ದ ಹುಡುಗ ಬಹಳ ಪ್ರೀತಿಯಿಂದ "ನಮ್ಮ ಸಂಸ್ಕೃತಿ ತಿಳಿಯಲು ಬಂದದ್ದು ಸಂತೋಷ" ಅಂದ. ನಾನೂ ಯಹೂದಿ ಅಂದೆ. "ಯಾವಾಗ ಆದಿರಿ?" ಅಂದ. ಎರಡು ಸಾವಿರ ವರ್ಷ ಆಯಿತು ಅನ್ನೋಣ ಅನಿಸಿತು, ಅನ್ನಲಿಲ್ಲ. ಕೆಟ್ಟ ಹುಡುಗ ಅಲ್ಲ. ಅವನಿಗೆ ಯಹೂದಿ ಅಂದರೆ ಪೋಲೆಂಡ್, ರಷ್ಯಾದಿಂದ ಬಂದವರು, ಮಾತ್ಸಾ ಉಂಡೆಯ ಕೋಳಿ ಸೂಪು ಕುಡಿಯುವವರು. ಆ ಸೂಪು ನಾನು ಜೀವನದಲ್ಲೇ ಕುಡಿದಿರಲಿಲ್ಲ!

ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಬ್ಬ ಶಿಕ್ಷಕಿ ಕೇಳಿದರು, ತು ಬಿಷ್ವಾತ್ ಬರುತ್ತಿದೆ, ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ, ನೀವೇ ಹೇಳಿಕೊಡಿ ಅಂತ. ತು ಬಿಷ್ವಾತ್ ಅಂದರೆ ಮರಗಳ ಹೊಸವರ್ಷ, ಜನವರಿ ಫೆಬ್ರವರಿ ಹೊತ್ತಿಗೆ. ನಮ್ಮವರು ಅವತ್ತು ಪ್ರವಾದಿ ಎಲಿಯಾಹುವನ್ನು ನೆನೆದು ಮಾಲಿದಾ ಮಾಡುತ್ತಾರೆ. ಅಲಿಬಾಗ್ ಹತ್ತಿರದ ಖಂಡಾಲಾ ಎಂಬ ಹಳ್ಳಿಯಲ್ಲಿ ಎಲಿಯಾಹು ಬಂದು ಹೋದ ಗುರುತು ಬಂಡೆಯ ಮೇಲಿದೆ ಎಂಬ ನಂಬಿಕೆ. ಮಾಲಿದಾ ಅಂದರೆ ಏನು ಗೊತ್ತಾ? ಸಿಹಿ ಅವಲಕ್ಕಿ! ಕಾಯಿತುರಿ, ಏಲಕ್ಕಿ, ಹಣ್ಣು ಹಾಕಿದ್ದು. ತಟ್ಟೆ ಸುತ್ತ ಕೂತು ಹೀಬ್ರೂ ಹಾಡು ಹೇಳಿ, ಒಂದೊಂದು ಹಣ್ಣಿಗೂ ಆಶೀರ್ವಚನ ಹೇಳಿ ತಿನ್ನುವುದು.

ಅವತ್ತು ಮೂವತ್ತು ಜನ ಬಂದಿದ್ದರು. ಬಾಗಿಲಿನ ಆ ಹುಡುಗನೂ ಎರಡನೇ ಸಲ ಹಾಕಿಸಿಕೊಂಡ. ಅವರಲ್ಲಿ ಒಂದು ಗುಣ ನನಗೆ ಹಿಡಿಸಿದ್ದು ಇದು: ಕಲಿಯಲು ಬಂದವಳನ್ನೇ ಕಲಿಸಲು ಕೂರಿಸುತ್ತಾರೆ. ಇಂಗ್ಲೆಂಡಿನಲ್ಲಿ 1980ರಲ್ಲಿ ಶುರುವಾದ ಲಿಮ್ಮುದ್ ಎಂಬ ಸಮ್ಮೇಳನ ಇದೇ ತತ್ವದ ಮೇಲೆ ನಿಂತಿದೆ. ಈಗ ಹಲವು ದೇಶಗಳಲ್ಲಿ ನಡೆಯುತ್ತದೆ. ಅಲ್ಲಿ ಪ್ರೊಫೆಸರ್ ಬೆಳಿಗ್ಗೆ ಪಾಠ ಹೇಳಿ ಮಧ್ಯಾಹ್ನ ವಿದ್ಯಾರ್ಥಿಯ ಮುಂದೆ ಕೇಳುಗನಾಗಿ ಕೂರುತ್ತಾರೆ.

ಅರ್ಬಾನಾವಾಸಿ · ಭಾನುವಾರ ರಾತ್ರಿ

ಶನಿವಾರ ತೇಲಿ ಅವರೇ, ಇಂಥ ಉತ್ತರಕ್ಕೇ ನಾನು ಈ ಜಗಲಿಗೆ ಬರುವುದು. ಇಸ್ರೇಲ್ ವಿಷಯ ಈ ಹಿಲೆಲ್‌ಗಳಲ್ಲಿ ಎಷ್ಟು ಬಿಸಿ, ಅದನ್ನೂ ಯಾರಾದರೂ ಹೇಳಬೇಕು ಅಲ್ವಾ?

ಶನಿವಾರ_ತೇಲಿ · ಭಾನುವಾರ ರಾತ್ರಿ

ಬಿಸಿಯೇ. ಇಸ್ರೇಲ್ ಕುರಿತು ಯಾರನ್ನು ವೇದಿಕೆಗೆ ಕರೆಯಬಹುದು, ಯಾರನ್ನು ಕರೆಯಬಾರದು ಎಂದು ಹಿಲೆಲ್ ಸಂಸ್ಥೆಗೆ ನಿಯಮ ಇದೆ. ಅದನ್ನು ವಿರೋಧಿಸಿ ಸ್ವಾರ್ತ್‌ಮೋರ್ ಕಾಲೇಜಿನ ವಿದ್ಯಾರ್ಥಿಗಳು 2013ರಲ್ಲಿ ತಮ್ಮದು ಓಪನ್ ಹಿಲೆಲ್ ಎಂದು ಘೋಷಿಸಿದರು, 2015ರಲ್ಲಿ ಆ ಹೆಸರನ್ನೇ ಬಿಟ್ಟರು. 2023ರ ಅಕ್ಟೋಬರ್ 7ರಂದು ಇಸ್ರೇಲ್ ಮೇಲೆ ಹಮಾಸ್ ದಾಳಿ ಆದ ನಂತರ ಕ್ಯಾಂಪಸ್‌ಗಳಲ್ಲಿ ಎರಡೂ ಕಡೆ ಭಯ, ಸಿಟ್ಟು ಜಾಸ್ತಿ ಆಗಿದೆ. ಬಾಗಿಲಲ್ಲಿ ಕಾವಲಿನವರು ನಿಂತಿರುವುದನ್ನು ಈ ಹುಡುಗಿಯೂ ನೋಡಿರಬೇಕು. ಓದುವ ಮೇಜಿನಲ್ಲಿ ಮಾತ್ರ, ಆ ವಿಷಯದಲ್ಲಿ ಪೂರ್ತಿ ವಿರುದ್ಧ ದಿಕ್ಕಿನ ಇಬ್ಬರು ಒಂದೇ ಹಾಳೆ ಹಿಡಿದು ಕೂತದ್ದನ್ನು ನಾನು ಕಂಡಿದ್ದೇನೆ. ಎದ್ದು ಹೋದದ್ದನ್ನೂ ಕಂಡಿದ್ದೇನೆ.

ಜಗಲಿ_ನಿರ್ವಾಹಕ · ಸೋಮವಾರ ಬೆಳಿಗ್ಗೆ

ಇಷ್ಟಕ್ಕೆ ಇರಲಿ. ರಾಜಕೀಯಕ್ಕೆ ಬೇರೆ ಎಳೆ ಇದೆ. ಇದರ ಕೆಳಗೆ ಬಂದ ನಾಲ್ಕು ಉತ್ತರ ಅಲ್ಲಿಗೆ ಸರಿಸಿದ್ದೇನೆ.

ಹಳೆಕಾಗದ · ಸೋಮವಾರ ಸಂಜೆ

ನಾನು ಇತಿಹಾಸದ ವಿದ್ಯಾರ್ಥಿ, ಮಂಗಳೂರಿನವನು. ನಮ್ಮೂರನ್ನು ಯಾರೂ ಎತ್ತಲಿಲ್ಲ ಅಂತ ಬಂದೆ.

ಕೈರೋದ ಯಹೂದಿ ಪ್ರಾರ್ಥನಾಮಂದಿರ ಬೆನ್ ಎಜ್ರಾ ಸಿನಗಾಗ್‌ನಲ್ಲಿ ಗೆನೀಜಾ ಎಂಬ ಕೋಣೆ ಇತ್ತು. ದೇವರ ಹೆಸರಿರುವ ಕಾಗದ ಹರಿದು ಎಸೆಯಬಾರದು ಎಂದು ಹಳೆಯ ಕಾಗದವನ್ನೆಲ್ಲ ಅದರಲ್ಲಿ ತುಂಬುತ್ತಿದ್ದರು. ದೇವರ ಕಾಗದದ ಜೊತೆ ಕಿರಾಣಿ ಲೆಕ್ಕ, ಪತ್ರ, ಕರಾರು ಎಲ್ಲ ಸೇರಿಕೊಂಡಿತು. 1896-97ರಲ್ಲಿ ಸೊಲೊಮನ್ ಶೆಖ್ಟರ್ ಎಂಬ ವಿದ್ವಾಂಸರು ಅದರ ದೊಡ್ಡ ಪಾಲನ್ನು ಕೇಂಬ್ರಿಡ್ಜ್‌ಗೆ ಸಾಗಿಸಿದರು. ಆ ರಾಶಿಯಲ್ಲಿ ನಮ್ಮ ಮಂಗಳೂರು ಸಿಕ್ಕಿತು! ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಶಿಯಾ ಮೂಲದ ಯಹೂದಿ ವ್ಯಾಪಾರಿ 1130ರ ದಶಕದಿಂದ ಸುಮಾರು ಹದಿನೇಳು ವರ್ಷ ನಮ್ಮ ಕರಾವಳಿಯಲ್ಲಿದ್ದ. ಕಂಚಿನ ಪಾತ್ರೆಯ ಕಾರ್ಖಾನೆ ಇಟ್ಟಿದ್ದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಯೆಮನ್ ದೇಶದ ಏಡನ್ ಬಂದರಿಗೆ ಕಳಿಸುತ್ತಿದ್ದ. ಅಲ್ಲಿಂದ ಗೆಳೆಯರು ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಕಳಿಸುತ್ತಿದ್ದರು. 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲೇ ಬರೆದ ಪತ್ರವೊಂದಿದೆ, ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ್ದು. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ಹೇಳುತ್ತಾರೆ. ಅವನ ಕೆಲಸದ ಆಳಿನ ಹೆಸರು ಬೊಮ್ಮ. ಅರಬ್ಬಿ ಮಾತನ್ನು ಹೀಬ್ರೂ ಅಕ್ಷರದಲ್ಲಿ ಬರೆದದ್ದರಿಂದ ಆ ಹೆಸರನ್ನು ಮೊದಲು ಬೇರೆ ರೀತಿ ಓದಿದ್ದರು. ಅದು ಬೊಮ್ಮ ಇರಬೇಕು ಎಂದು ಸೂಚಿಸಿದವರು ನಮ್ಮ ಬಿ.ಎ. ವಿವೇಕ ರೈ.

ಇದಕ್ಕೂ ಈ ಎಳೆಗೂ ಏನು ಸಂಬಂಧ ಅಂದರೆ, ಗೆನೀಜಾದ ಚೂರುಗಳನ್ನು ವಿಂಗಡಿಸಲು ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯ ಲೈಬ್ರರಿ 2017ರಲ್ಲಿ ಜೂನಿವರ್ಸ್ ಎಂಬ ತಾಣದಲ್ಲಿ ಸಾರ್ವಜನಿಕರನ್ನೇ ಕರೆಯಿತು. ಅಕ್ಷರ ಬರದವರಿಗೂ ಗುರುತು ಹಿಡಿಯಲು ಕಲಿಸಿಕೊಡುತ್ತಿದ್ದರು. ನಾನು ಹೀಬ್ರೂ ಅಕ್ಷರ ಕಲಿತದ್ದೇ ಹಾಗೆ, ಯಾವ ಕೋರ್ಸಿಗೂ ಸೇರಿ ಅಲ್ಲ. ಪೈಸೆ ಖರ್ಚಿಲ್ಲ.

ಎಡಿಸನ್_ದೊಡ್ಡಮ್ಮ · ಸೋಮವಾರ ರಾತ್ರಿ

ಬೊಮ್ಮ! ನಮ್ಮ ತಾತನ ಮನೆಯಲ್ಲೂ ಒಬ್ಬ ಬೊಮ್ಮ ಇದ್ದ. ಇವತ್ತು ನಿದ್ದೆ ಬರಲ್ಲ.

ಬೆಟ್ಟದಪಾದ_ಹುಡುಗಿ · ಮುಂದಿನ ಶನಿವಾರ

ನಿನ್ನೆ ಮತ್ತೆ ಹೋಗಿದ್ದೆ. ಹತ್ತು ವಾರದ ಕ್ಲಾಸಿಗೆ ನನ್ನನ್ನೂ ಸೇರಿಸಿಕೊಂಡರು. ಸ್ಟೈಪೆಂಡ್ ಬೇಡ ಅಂದೆ. ಕೂರಲು ಜಾಗ ಸಿಕ್ಕಿತು, ಸಾಕು.

ಬಟ್ಟೆಯ ಜಗಳದ ಎರಡನೇ ಭಾಗ ಕೇಳಿ. ಇಬ್ಬರೂ ಪೂರ್ತಿ ನನ್ನದು ಅಂದರೆ, ನನ್ನ ಪಾಲು ಅರ್ಧಕ್ಕಿಂತ ಕಡಿಮೆ ಇಲ್ಲ ಎಂದು ಇಬ್ಬರೂ ಪ್ರಮಾಣ ಮಾಡಿ ಹಂಚಿಕೊಳ್ಳಬೇಕು. ಒಬ್ಬ ಪೂರ್ತಿ, ಇನ್ನೊಬ್ಬ ಅರ್ಧ ನನ್ನದು ಅಂದರೆ? ನಾನು ಮೂರರಲ್ಲಿ ಎರಡು ಪಾಲು, ಒಂದು ಪಾಲು ಅಂದೆ. ಕೇಳಿದ ಪ್ರಮಾಣಕ್ಕೆ ತಕ್ಕ ಹಾಗೆ, ಅಲ್ವಾ? ಅಲ್ಲವಂತೆ. ಮುಕ್ಕಾಲು, ಕಾಲು. ರೂಮ್‌ಮೇಟ್ ತರ್ಕ ಬಿಡಿಸಿದಳು. ಅರ್ಧದ ಮೇಲೆ ಎರಡನೆಯವನಿಗೆ ಆಸೆಯೇ ಇಲ್ಲ, ಅದು ಮೊದಲನೆಯವನಿಗೇ ಹೋಯಿತು. ಜಗಳ ಇರುವುದು ಉಳಿದ ಅರ್ಧಕ್ಕೆ ಮಾತ್ರ, ಅದನ್ನು ಸಮ ಮಾಡಿ.

ಮನೆಗೆ ಬಂದು ಹುಡುಕಿದರೆ, ನನ್ನದೇ ವಿಷಯ! ತಾಲ್ಮುದಿನಲ್ಲಿ ಇನ್ನೊಂದು ಕಡೆ ಒಬ್ಬ ಸಾಯುತ್ತಾನೆ. ಮೂವರು ಹೆಂಡತಿಯರಿಗೆ 100, 200, 300 ಬರಬೇಕು. ಆಸ್ತಿ 100 ಇದ್ದರೆ ಮೂವರಿಗೂ ಸಮ. 300 ಇದ್ದರೆ 50, 100, 150. ಆದರೆ 200 ಇದ್ದರೆ 50, 75, 75. ಈ ಲೆಕ್ಕಕ್ಕೆ ತಲೆಬುಡ ಇಲ್ಲ ಅಂತ ಬಹಳ ಕಾಲ ಅನಿಸಿತ್ತು. 1985ರಲ್ಲಿ ರಾಬರ್ಟ್ ಔಮಾನ್, ಮೈಕೆಲ್ ಮಾಷ್ಲರ್ ಎಂಬ ಗಣಿತಜ್ಞರು ಬಿಡಿಸಿದರು. ಯಾವ ಇಬ್ಬರನ್ನು ತೆಗೆದುಕೊಂಡರೂ ಅವರ ನಡುವೆ ಹಂಚಿಕೆ ಆ ಬಟ್ಟೆಯ ನಿಯಮದ ಹಾಗೇ ಇದೆ. ಮೊದಲಿಬ್ಬರನ್ನು ನೋಡಿ, 50 ಮತ್ತು 75, ಒಟ್ಟು 125. ಮೊದಲನೆಯವಳು ಕೇಳುವುದು 100, ಹಾಗಾಗಿ 25 ಸೀದಾ ಎರಡನೆಯವಳಿಗೆ. ಉಳಿದ 100 ಸಮ. 50, 75! ಕಾಗದದ ಮೇಲೆ ಹಾಕಿ ನೋಡಿ, ಮೈ ಜುಂ ಅನ್ನುತ್ತದೆ. ಔಮಾನ್‌ಗೆ 2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಗೇಮ್ ಥಿಯರಿಗೆ.

ನನ್ನ ಗೈಡ್‌ಗೆ ತೋರಿಸಿದೆ. ಅವರೂ ಯಹೂದಿ ಅಂತೆ, ನನಗೆ ಗೊತ್ತೇ ಇರಲಿಲ್ಲ. "ಇದನ್ನು ಎಲ್ಲಿ ಓದಿದೆ?" ಅಂದರು. ಊಟಕ್ಕೆ ಹೋಗಿದ್ದೆ ಅಂದೆ.

@ಶನಿವಾರ_ತೇಲಿ ಅಕ್ಕ, ಮಾಲಿದಾ ಕಥೆ ಅಲ್ಲಿ ಹೇಳಿದೆ. ಎಲ್ಲರೂ ಮಾಡು ಅಂತ ಹಿಂದೆ ಬಿದ್ದಿದ್ದಾರೆ. ಅವಲಕ್ಕಿ ಗಟ್ಟಿಯದಾ, ತೆಳುವಾದದ್ದಾ?

ಶನಿವಾರ_ತೇಲಿ · ಅದೇ ರಾತ್ರಿ

ನಮ್ಮ ಮನೆಯಲ್ಲಿ ಗಟ್ಟಿಯದು. ತೊಳೆದು ನೀರು ಸೋರಿಸಿ ಅರ್ಧ ಗಂಟೆ ಬಿಡು, ಬಿಡಿಬಿಡಿಯಾಗಿ ಅರಳಬೇಕು. ಮುದ್ದೆ ಆದರೆ ನಮ್ಮಜ್ಜಿ ಎದ್ದು ಹೋಗುತ್ತಿದ್ದರು. ಸಕ್ಕರೆ, ಕಾಯಿತುರಿ, ಏಲಕ್ಕಿ, ಒಣದ್ರಾಕ್ಷಿ, ಬಾದಾಮಿ. ಹಾಲು, ತುಪ್ಪ ಹಾಕಬೇಡ, ಆಗ ಮಾಂಸದ ಊಟದ ಜೊತೆಗೂ ನಡೆಯುತ್ತದೆ. ಐದು ಬಗೆ ಹಣ್ಣು, ಖರ್ಜೂರ ಮರೆಯಬೇಡ. ಮತ್ತೆ, ನಿನ್ನ ರೂಮಿನಲ್ಲಿ ಮಾಡಿ ಒಯ್ಯಬೇಡ. ಅವರ ಅಡುಗೆಮನೆಯಲ್ಲಿ, ಅವರ ಪಾತ್ರೆಯಲ್ಲೇ ಕಲಸು. ದೊಡ್ಡಮ್ಮನ ಕೋಡುಬಳೆ ನೆನಪಿದೆಯಲ್ಲ?

ಎಡಿಸನ್_ದೊಡ್ಡಮ್ಮ · ಅದೇ ರಾತ್ರಿ

ಅದನ್ನು ಇನ್ನೂ ಬಿಟ್ಟಿಲ್ವಾ ನೀವು!